ಸೇತುವೆ ಹಾಕುವ ಮುನ್ನ ಯಾರನ್ನು ಕೇಳಬೇಕು?

ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ನೋಡದೆ ಹೋಗುವುದಿಲ್ಲ. ನೋಡಲು ಬಂದವರು ಮೂಲೆಯ ಮಿನಾರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ, ಗುಮ್ಮಟದ ಬುಡದಲ್ಲಿರುವ ಪಿಸುಮಾತಿನ ಮೊಗಸಾಲೆಯನ್ನು ಒಂದು ಸುತ್ತು ಹಾಕುವ ಆಸೆ ಇಟ್ಟುಕೊಂಡೇ ಬಂದಿರುತ್ತಾರೆ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರು. ಈ ಕಡೆಯ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಗೋಡೆಯ ಬಾಗನ್ನೇ ಹಿಡಿದು ಓಡಿ, ಆಚೆಯ ಕಡೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳಿ. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಎದುರು ಗೋಡೆಯ ಬಳಿ ನಿಂತ ಹೆಂಡತಿಗೆಂದು ಏನೋ ಹೇಳುತ್ತಾನೆ. ಅವಳ ಪಕ್ಕದಲ್ಲಿ ಗೋಡೆಗೆ ಒರಗಿದ್ದ ಅಪರಿಚಿತರು ಗೊಳ್ಳೆಂದು ನಗುತ್ತಾರೆ. ಹುಡುಗ ನಾಚಿಕೊಳ್ಳುತ್ತಾನೆ. ತನ್ನ ಗುಟ್ಟನ್ನು ಕದ್ದು ಕೇಳಿದರೆಂದು ಅವನು ದೂರುವಂತಿಲ್ಲ, ಏಕೆಂದರೆ ಅದು ಎಲ್ಲರೂ ಬಂದು ಹೋಗುವ ಜಾಗ. ಅವನು ಡಂಗುರ ಸಾರಿದ್ದನೆಂದು ನಗುವವರೂ ಹೇಳಲಾರರು.

ಹೀಗೆ ಎಲ್ಲರೂ ಕೇಳಬಹುದಾದ, ಆದರೆ ಎಲ್ಲರಿಗಾಗಿ ಆಡದ ಮಾತೊಂದು ಉಂಟು. ಅದನ್ನು ಇನ್ನೊಂದೆಡೆಗೆ ಒಯ್ಯುವ ಹಕ್ಕು ಯಾರಿಗಿದೆ? 2024ರ ಫೆಬ್ರುವರಿ ತಿಂಗಳಿನಲ್ಲಿ ಅಂತರಜಾಲದ ಎರಡು ಸಾಮಾಜಿಕ ಜಾಲಗಳ ನಡುವೆ ಸೇತುವೆ ಹಾಕಲು ಒಬ್ಬ ಎಂಜಿನಿಯರು ಹೊರಟಾಗ ಈ ಪ್ರಶ್ನೆಯ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. ವಾದ ನಡೆದುದು ನಮ್ಮಿಂದ ಬಹುದೂರದಲ್ಲಿ, ಇಂಗ್ಲಿಷಿನಲ್ಲಿ. ಆದರೂ ಅದು ನಮಗೆ ಸಂಬಂಧಪಟ್ಟದ್ದೆಂದು ನನಗೆ ತೋರಿದೆ. ಹೇಗೆಂಬುದನ್ನು ಹೇಳುವ ಮುನ್ನ ಈ ಜಾಲಗಳೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಫೇಸ್‌ಬುಕ್, ವಾಟ್ಸ್‌ಆ್ಯಪ್, ಹಿಂದೆ ಟ್ವಿಟರ್ ಎನಿಸಿಕೊಂಡು ಈಗ ಎಕ್ಸ್ ಎನ್ನಿಸಿಕೊಳ್ಳುವ ಜಾಲ, ಇವೆಲ್ಲ ಒಬ್ಬೊಬ್ಬ ಯಜಮಾನನ ವಾಡೆಗಳಿದ್ದಂತೆ. ವಾಡೆ ದೊಡ್ಡದು, ಒಳಗೆ ಸಾವಿರ ಕೋಣೆ. ಆದರೆ ಅಗಸೆಬಾಗಿಲು ಒಂದೇ, ಅದರ ಕೀಲಿಯೂ ಒಬ್ಬನ ಕೈಯಲ್ಲೇ. ಯಜಮಾನ ಹೊರಗೆ ಹಾಕಿದರೆ ಹೊರಗೆ. ಅವನು ಬಾಗಿಲು ಮುಚ್ಚಿದರೆ ಎಲ್ಲರೂ ಹೊರಗೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ ಭಾರತದ ಅನೇಕರು ಸಿಟ್ಟಿನಿಂದ ಆ ವಾಡೆಯನ್ನು ಬಿಟ್ಟು, ಅದುವರೆಗೆ ಹೆಸರು ಕೂಡ ಕೇಳದಿದ್ದ ಮ್ಯಾಸ್ಟೊಡಾನ್ ಎಂಬಲ್ಲಿಗೆ ಹೋದುದುಂಟು. ಅವರಲ್ಲಿ ಬಹಳ ಮಂದಿ ಕೆಲವೇ ವಾರಗಳಲ್ಲಿ ಹಿಂದಿರುಗಿದರೆಂಬುದನ್ನೂ ಹೇಳಬೇಕು. ನೆಂಟರಿಷ್ಟರೆಲ್ಲ ಹಳೆಯ ಕಡೆಯಲ್ಲೇ ಉಳಿದಿರುವಾಗ ಹೊಸ ಊರಿನಲ್ಲಿ ಎಷ್ಟು ದಿನ ಒಬ್ಬರೇ ಕುಳಿತಾರು?

ಕನ್ನಡದವರಿಗೆ ಇನ್ನೂ ಹತ್ತಿರವಾದ ಉದಾಹರಣೆ ಕೂ. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ, ಮಯಂಕ್ ಬಿದಾವತ್ಕ ಎಂಬ ಇಬ್ಬರು 2020ರಲ್ಲಿ ಆರಂಭಿಸಿದ ಜಾಲವದು. ಅದು ಮೊದಲು ಬಂದದ್ದು ಕನ್ನಡದಲ್ಲಿ. ಹಿಂದಿ ಮುಂತಾದ ಭಾಷೆಗಳು ಆಮೇಲೆ ಸೇರಿದವು. ಎಲ್ಲ ವಿಷಯದಲ್ಲಿಯೂ ಇಂಗ್ಲಿಷಿನ ಹಿಂದೆ ನಿಂತು ರೂಢಿಯಾದ ನಮಗೆ ಇದು ಸಣ್ಣ ಸಂತೋಷವಾಗಿರಲಿಲ್ಲ. ಬಂಡವಾಳ ಸಾಲದೆ 2024ರ ಜುಲೈ ತಿಂಗಳಲ್ಲಿ ಅದು ಮುಚ್ಚಿತು. ಮುಚ್ಚಿದವರನ್ನು ನಾನು ದೂರುತ್ತಿಲ್ಲ. ಅಂಗಡಿ ಎಂದಮೇಲೆ ಲಾಭನಷ್ಟ ಇದ್ದದ್ದೇ. ನಾನು ಹೇಳಬೇಕೆಂದಿರುವುದು ಬೇರೆ. ಆ ಜಾಲ ಬೇರೆ ಯಾವ ಜಾಲಕ್ಕೂ ಹೊಂದಿಕೊಂಡಿರಲಿಲ್ಲ. ನಾಲ್ಕು ವರ್ಷ ಅಲ್ಲಿ ಕನ್ನಡದಲ್ಲಿ ಬರೆದವರ ಓದುಗರ ಬಳಗ ಆ ಒಂದು ಬಾಗಿಲಿನೊಡನೆ ಚದುರಿಹೋಯಿತು.

ಇಂಥ ಒಡೆತನ ಬೇಡವೆಂದು ಹುಟ್ಟಿದವು ಬಿಡಿಬಿಡಿಯಾಗಿದ್ದೂ ಕೂಡಿರುವ ಜಾಲಗಳು. ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಮ್ಯಾಸ್ಟೊಡಾನ್ ಎಂಬ ತಂತ್ರಾಂಶವನ್ನು ಬರೆದು, ಯಾರು ಬೇಕಾದರೂ ತಮ್ಮ ಗಣಕಯಂತ್ರದಲ್ಲಿ ಅದನ್ನು ಸ್ಥಾಪಿಸಿಕೊಳ್ಳಲಿ ಎಂದು ಬಿಟ್ಟ. ಹಾಗೆ ಸ್ಥಾಪಿಸಿದ ಒಂದೊಂದಕ್ಕೂ ಸರ್ವರ್ ಎಂದು ಹೆಸರು. ಒಂದೊಂದು ಸರ್ವರ್ ಒಂದೊಂದು ಹಳ್ಳಿಯಿದ್ದಂತೆ. ಅಲ್ಲಿ ಬೇರೆ ಬೇರೆ ಮೇಲ್ವಿಚಾರಕರು, ಬೇರೆ ಬೇರೆ ಕಟ್ಟಳೆಗಳು; ಕೆಲವಲ್ಲಿ ಇಪ್ಪತ್ತು ಜನ, ಕೆಲವಲ್ಲಿ ಲಕ್ಷಾಂತರ. ಆದರೆ ಹಳ್ಳಿಯಿಂದ ಹಳ್ಳಿಗೆ ದಾರಿಯುಂಟು. ತಿಕೋಟಾದವನು ಬಬಲೇಶ್ವರದವನ ಬರಹವನ್ನು ತನ್ನ ಮನೆಯಲ್ಲಿ ಕುಳಿತೇ ಓದಬಹುದು, ಮಾರುತ್ತರ ಬರೆಯಬಹುದು. ಈ ದಾರಿಯ ನಿಯಮಾವಳಿಗೆ ಆಕ್ಟಿವಿಟಿಪಬ್ ಎಂದು ಹೆಸರು. ಜಾಗತಿಕ ಜಾಲದ ಮಾನದಂಡಗಳನ್ನು ನಿಗದಿಪಡಿಸುವ ಒಕ್ಕೂಟ 2018ರ ಜನವರಿಯಲ್ಲಿ ಅದನ್ನು ಅಂಗೀಕರಿಸಿತು. ಈ ನಿಯಮದಿಂದ ಕೂಡಿಕೊಂಡ ಹಳ್ಳಿಗಳ ಸಮೂಹವನ್ನು ಫೆಡಿವರ್ಸ್ ಎನ್ನುತ್ತಾರೆ.

ಇನ್ನೊಂದು ಜಾಲ ಬ್ಲೂಸ್ಕೈ. ಇದರ ಕಲ್ಪನೆ 2019ರಲ್ಲಿ ಟ್ವಿಟರಿನ ಒಳಗೇ ಹುಟ್ಟಿತು. 2021ರಲ್ಲಿ ಬೇರೆ ಸಂಸ್ಥೆಯಾಯಿತು. ಬಹುಕಾಲ ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶವಿತ್ತು. 2024ರ ಫೆಬ್ರುವರಿ 6ರಂದು ಬಾಗಿಲು ಎಲ್ಲರಿಗೂ ತೆರೆಯಿತು. ಬ್ಲೂಸ್ಕೈಯವರೂ ಒಬ್ಬನ ಒಡೆತನ ಬೇಡವೆಂದೇ ಹೊರಟವರು. ಆದರೆ ಅವರು ಆಕ್ಟಿವಿಟಿಪಬ್ ದಾರಿಯನ್ನು ಹಿಡಿಯದೆ ಎಟಿ ಪ್ರೋಟೋಕಾಲ್ ಎಂಬ ತಮ್ಮದೇ ನಿಯಮಾವಳಿಯನ್ನು ಕಟ್ಟಿಕೊಂಡರು. ಮೊದಲೇ ಇದ್ದ ದಾರಿಯನ್ನು ಬಿಟ್ಟು ಹೊಸದನ್ನು ಏಕೆ ಕಟ್ಟಿದರೆಂದರೆ, ಸರ್ವರ್ ಬದಲಿಸಿದರೂ ಮನುಷ್ಯನ ವಿಳಾಸ, ಬರಹ, ಬಳಗ ಎಲ್ಲವೂ ಅವನ ಜೊತೆಯಲ್ಲೇ ಹೋಗಬೇಕು ಎಂಬುದು ಅವರ ಹಂಬಲವಾಗಿತ್ತು.

ವಿಜಯಪುರದ ಹಿರಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನಮ್ಮ ಊರಿಗೆ 1884ರಲ್ಲಿ ರೈಲು ಬಂದಾಗ ಹಾಕಿದ ಹಳಿ ಮೀಟರ್ ಗೇಜ್, ಅಂದರೆ ಒಂದು ಮೀಟರು ಅಗಲದ್ದು. ಮುಂಬಯಿಯಿಂದ ಸೊಲ್ಲಾಪುರಕ್ಕೆ ಬರುವ ದೊಡ್ಡ ಮಾರ್ಗದ ಹಳಿ 1.676 ಮೀಟರು. ಎರಡೂ ರೈಲೇ, ಎರಡೂ ಕಬ್ಬಿಣವೇ; ಆದರೆ ಇಲ್ಲಿಯ ಗಾಡಿ ಅಲ್ಲಿಯ ಹಳಿಯ ಮೇಲೆ ಒಂದು ಮಾರು ಕೂಡ ಓಡಲಾರದು. ಸೊಲ್ಲಾಪುರದ ಕಡೆಗೆ ಹೋದವರು ಗಂಟುಮೂಟೆ ಹೊತ್ತು ಇಳಿದು ಮತ್ತೊಂದು ಗಾಡಿ ಹತ್ತಬೇಕಾಗಿತ್ತು. ಸರಕನ್ನು ಒಂದು ಡಬ್ಬಿಯಿಂದ ಮತ್ತೊಂದಕ್ಕೆ ಹಮಾಲರು ಹೊತ್ತು ಹಾಕಬೇಕಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಮಾರ್ಗವೂ ಅಗಲವಾಗುವವರೆಗೆ ಈ ಪಾಡು ತಪ್ಪಲಿಲ್ಲ. ಮ್ಯಾಸ್ಟೊಡಾನ್ ಮತ್ತು ಬ್ಲೂಸ್ಕೈಗಳ ನಡುವೆ ಇರುವುದೂ ಹಳಿಯ ಅಗಲದ ಭೇದವೇ. ಎಲ್ಲವನ್ನೂ ಕಿತ್ತು ಒಂದೇ ಅಗಲ ಮಾಡಬೇಕು, ಇಲ್ಲವೇ ನಡುವೆ ನಿಂತು ಮೂಟೆ ಎತ್ತಿ ಹಾಕುವ ಹಮಾಲನೊಬ್ಬ ಬೇಕು.

ಆ ಹಮಾಲಿಯನ್ನು ವಹಿಸಿಕೊಂಡವರು ಅಮೆರಿಕದ ರಯಾನ್ ಬ್ಯಾರೆಟ್. ಅವರು ಕಟ್ಟಿದ ಬ್ರಿಡ್ಜಿ ಫೆಡ್ ಎಂಬ ತಂತ್ರಾಂಶ ಜನರ ಸ್ವಂತ ಜಾಲತಾಣಗಳನ್ನು ಫೆಡಿವರ್ಸಿಗೆ ಜೋಡಿಸುವ ಕೆಲಸವನ್ನು ಅದಾಗಲೇ ಮಾಡುತ್ತಿತ್ತು. ಬ್ಲೂಸ್ಕೈಗೂ ಅದನ್ನು ಚಾಚುವ ಯೋಜನೆಯನ್ನು 2024ರ ಫೆಬ್ರುವರಿಯಲ್ಲಿ ಅವರು ಪ್ರಕಟಿಸಿದರು. ಈ ಕಡೆ ನೀವು ಬಹಿರಂಗವಾಗಿ ಬರೆದುದು ಆ ಕಡೆ ನಿಮ್ಮ ಹೆಸರಿನ ಪ್ರತಿರೂಪವೊಂದರಲ್ಲಿ ಮೂಡುತ್ತದೆ; ಆ ಕಡೆಯವರ ಉತ್ತರ ಈ ಕಡೆ ಬರುತ್ತದೆ. ಒಬ್ಬರನ್ನು ಉದ್ದೇಶಿಸಿದ ಖಾಸಗಿ ಮಾತು, ಹಿಂಬಾಲಕರಿಗೆ ಮಾತ್ರ ತೋರಿಸಿದ ಮಾತು ದಾಟುವುದಿಲ್ಲ. ಇಷ್ಟರವರೆಗೆ ಯಾರದೂ ತಕರಾರಿರಲಿಲ್ಲ. ತಕರಾರು ಎದ್ದುದು ಒಂದು ಸಣ್ಣ ಅಂಶದ ಮೇಲೆ. ಸೇತುವೆ ಎಲ್ಲರಿಗೂ ತೆರೆದೇ ಇರುತ್ತದೆ. ಬೇಡವೆನ್ನುವವರು ಬೇಡವೆಂದು ಬರೆದು ತಿಳಿಸಲಿ, ಅವರನ್ನು ಬಿಡಲಾಗುವುದು, ಎಂಬುದು ಮೊದಲಿನ ಯೋಜನೆ. ಬೇಡವೆನ್ನುವವರು ತಮ್ಮ ಪರಿಚಯದ ಸಾಲಿನಲ್ಲಿ ಸೇತುವೆ ಬೇಡ ಎಂಬರ್ಥದ ಒಂದು ಪದ ಸೇರಿಸಿದರೆ ಸಾಕಾಗಿತ್ತು.

ಅದು ಒಂದೇ ಪದದ ಮಾತು. ಆದರೆ ಅದರ ಮೇಲೆ ನೂರಾರು ಜನ ಬರೆದರು, ಕೆಲವರು ಶಾಂತವಾಗಿ, ಹಲವರು ಉಗ್ರವಾಗಿ. ಬ್ಯಾರೆಟ್ ಅವರ ಮೇಲೆ ಬಂದ ಮಾತುಗಳಲ್ಲಿ ಕೆಲವು ಓದಲೂ ಹಿತವಾಗುವಂಥವಲ್ಲ. ಪುಕ್ಕಟೆಯಾಗಿ ಹಮಾಲಿ ಮಾಡಲು ಬಂದವನಿಗೆ ಇಷ್ಟು ಬೈಗುಳ ಏಕೆ? ಇದನ್ನು ಅರಿಯಲು ಎರಡೂ ಪಕ್ಷದ ಮಾತನ್ನು ನಮ್ಮವರ ಬಾಯಲ್ಲಿಯೇ ಕೇಳೋಣ. ಬಬಲೇಶ್ವರದಲ್ಲಿ ಶಾಲಾ ಶಿಕ್ಷಕಿಯಾಗಿರುವ ಒಬ್ಬ ಹೆಣ್ಣುಮಗಳು, ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಅವಳ ಸೋದರಮಾವ, ಹೀಗೆ ಇಬ್ಬರಿದ್ದಾರೆಂದು ಭಾವಿಸಿರಿ. ಸೊಸೆ ಮ್ಯಾಸ್ಟೊಡಾನಿನ ಒಂದು ಸಣ್ಣ ಸರ್ವರಿನಲ್ಲಿದ್ದಾಳೆ. ಅಲ್ಲಿ ನೂರಾರು ಶಿಕ್ಷಕಿಯರು ಪಾಠದ ವಿಷಯ, ಮನೆಯ ವಿಷಯ, ಒಮ್ಮೊಮ್ಮೆ ಮನಸ್ಸಿನ ವಿಷಯ ಬರೆದುಕೊಳ್ಳುತ್ತಾರೆ. ಮಾವ ಒಣದ್ರಾಕ್ಷಿಯ ಧಾರಣೆ, ಮಳೆಯ ಸುದ್ದಿಗಳಿಗಾಗಿ ಬ್ಲೂಸ್ಕೈ ಸೇರಿದ್ದಾನೆ. ಎರಡೂ ಊರುಗಳು ಮೊದಲು ಒಂದೇ ವಿಜಯಪುರ ತಾಲೂಕಿನಲ್ಲಿದ್ದು ಆಮೇಲೆ ಬೇರೆ ಬೇರೆ ತಾಲೂಕುಗಳಾದವು. ಹಾಗೆಂದು ಮಾವ ಸೊಸೆಯರ ಸಂಬಂಧ ಬೇರೆಯಾದೀತೆ?

"ತಂಗೀ, ನೀ ಬರದದ್ದು ನನಗ ಯಾಕ ಕಾಣೂದಿಲ್ಲ? ಸೇತುವಿ ಹಾಕ್ತೀನಂತ ಒಬ್ಬಾಂವ ನಿಂತಾನ, ನಿಮ್ಮ ಮಂದಿ ಅವನ ಮ್ಯಾಲ ಸಿಟ್ಟಾಗ್ತಾರ. ನೀವು ಬಾಗಲಾ ತಗದಿಟ್ಟು ಎಲ್ಲಾರ ಮುಂದ ಬರದದ್ದಲ್ಲೇನ ಅದು?" ಎನ್ನುತ್ತಾನೆ ಮಾವ.

"ಎಲ್ಲಾರ ಮುಂದನ ಬರದದ್ದು ಖರೆ ಮಾಮಾ. ಆದರ ನಮ್ಮ ಓಣಿ ಕಟ್ಟಿ ಮ್ಯಾಲ ಕೂತು ಆಡಿದ ಮಾತು ಯಾರೋ ಒಯ್ದು ರವಿವಾರ ಸಂತ್ಯಾಗ ಓದಿದ್ರ ನಿಮಗ ಹ್ಯಾಂಗ ಆಗ್ತದ ಹೇಳ್ರಿ. ಬ್ಯಾಡಾಗಿದ್ರ ಮೊದಲ ಹೇಳಬೇಕಿತ್ತು ಅಂತಾನ. ಒಯ್ತಾನ ಅಂತ ನನಗ ಗೊತ್ತಿದ್ರಲ್ಲೇನ್ರಿ ಬ್ಯಾಡ ಅನ್ನೂದು?"

ಮಾವನ ವಾದ ಹಗುರವಾದುದಲ್ಲ. ಅಂತರಜಾಲ ಬೆಳೆದುದೇ ಒಬ್ಬರ ಬಹಿರಂಗ ಬರಹವನ್ನು ಇನ್ನೊಬ್ಬರು ಕೇಳದೆ ಓದಿ, ಸೂಚಿಸಿ, ಹುಡುಕಿಕೊಟ್ಟುದರಿಂದ. ಹುಡುಕುಯಂತ್ರಗಳು ಒಬ್ಬೊಬ್ಬರ ಮನೆಗೆ ಹೋಗಿ ಅಪ್ಪಣೆ ಬೇಡಿದ್ದರೆ ಇಂದಿಗೂ ಅರ್ಧ ದಾರಿಯಲ್ಲೇ ಇರುತ್ತಿದ್ದವು. ಫೆಡಿವರ್ಸಿನಲ್ಲಿಯೂ ಒಂದು ಹಳ್ಳಿಯ ಬರಹ ನೂರು ಹಳ್ಳಿಗೆ ಹೋಗುವಾಗ ಪ್ರತಿಸಲ ಯಾರೂ ಕೇಳುವುದಿಲ್ಲ. ಹಾಗಿದ್ದಮೇಲೆ ನೂರೊಂದನೆಯ ಹಳ್ಳಿಗೆ ಮಾತ್ರ ಏಕೆ ಕೇಳಬೇಕು? ಅದಲ್ಲದೆ, ಮೊದಲು ಒಪ್ಪಿಗೆ ಕೊಟ್ಟವರಿಗಷ್ಟೇ ಸೇತುವೆ ಎಂದರೆ ದಾಟುವವರು ಬೆರಳೆಣಿಕೆಯವರಾಗುತ್ತಾರೆ. ಜನ ಬೇಡವೆಂಬ ಕಾರಣದಿಂದ ಸುಮ್ಮನಿರುವುದಕ್ಕಿಂತ, ಗೊತ್ತಿಲ್ಲವೆಂಬ ಕಾರಣದಿಂದ, ಇನ್ನು ನೋಡೋಣವೆಂಬ ಆಲಸ್ಯದಿಂದ ಸುಮ್ಮನಿರುವುದೇ ಹೆಚ್ಚು.

ಸೊಸೆಯ ಕಡೆಯ ವಾದಕ್ಕೆ ಅನುಭವದ ಬೆಂಬಲವಿತ್ತು. ಮ್ಯಾಸ್ಟೊಡಾನಿನ ಅನೇಕರು ಅಲ್ಲಿಗೆ ಬಂದುದೇ ದೊಡ್ಡ ಜಾಲಗಳ ಕಿರುಕುಳ ತಾಳಲಾರದೆ. ಗುಂಪುಕಟ್ಟಿಕೊಂಡು ಒಬ್ಬರ ಮೇಲೆ ಎರಗುವವರು ಮೊದಲು ಮಾಡುವ ಕೆಲಸ ಹುಡುಕುವುದು: ಇಂಥ ಪದ ಯಾರು ಬರೆದಿದ್ದಾರೆ, ಅವರನ್ನು ಹಿಡಿಯಿರಿ. ಇದನ್ನು ಅರಿತೇ ಮ್ಯಾಸ್ಟೊಡಾನಿನಲ್ಲಿ ಬಹುಕಾಲ ಎಲ್ಲರ ಬರಹಗಳಲ್ಲಿ ಪದ ಹುಡುಕುವ ಅನುಕೂಲವನ್ನು ಇಟ್ಟಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದನ್ನು ಒದಗಿಸಿದಾಗಲೂ, ನನ್ನ ಬರಹ ಹುಡುಕಿದವರಿಗೆ ಸಿಗಲಿ ಎಂದು ತಾವಾಗಿ ಒಪ್ಪಿದವರ ಬರಹ ಮಾತ್ರ ಸಿಗುವಂತೆ ಮಾಡಿದರು. ಬ್ಲೂಸ್ಕೈಯ ರಚನೆ ಇದಕ್ಕೆ ತದ್ವಿರುದ್ಧ. ಅಲ್ಲಿಯ ಬರಹಗಳೆಲ್ಲ ಒಂದು ಮಹಾಪ್ರವಾಹವಾಗಿ ಹರಿಯುತ್ತವೆ. ಯಾರು ಬೇಕಾದರೂ ಬಿಂದಿಗೆ ಒಡ್ಡಿ ತುಂಬಿಕೊಳ್ಳಬಹುದು, ಏನನ್ನು ಬೇಕಾದರೂ ಹುಡುಕಬಹುದು. ಹುಡುಕಿಗೆ ಸಿಗುವುದಿಲ್ಲವೆಂಬ ನಂಬಿಕೆಯಿಂದ ಬರೆದವಳ ಮಾತನ್ನು ಹುಡುಕಿದೊಡನೆ ಸಿಗುವ ಕಡೆಗೆ ಒಯ್ದರೆ ಮಾತು ಅದೇ ಇದ್ದರೂ ಅದರ ಸ್ಥಿತಿ ಬೇರೆಯಾಯಿತು. ನೂರು ಹಳ್ಳಿಗೂ ನೂರೊಂದನೆಯದಕ್ಕೂ ಇರುವ ವ್ಯತ್ಯಾಸ ಇದೇ ಎಂಬುದು ಅವರ ಉತ್ತರ.

ಇನ್ನೊಂದು ಚಿಂತೆಯೂ ಇತ್ತು. ತನ್ನ ಸರ್ವರಿನಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸೊಸೆ ಹೋಗಿ ಮೇಲ್ವಿಚಾರಕರಿಗೆ ಹೇಳಬಹುದು, ಅವರು ಪರಿಚಿತರು. ಸೇತುವೆಯ ಆಚೆ, ತನ್ನದೇ ಹೆಸರಿನ ಪ್ರತಿರೂಪದ ಕೆಳಗೆ ಯಾರು ಏನು ಬರೆಯುತ್ತಿದ್ದಾರೆಂಬುದು ಅವಳಿಗೆ ಕಾಣಲೇ ಕಾಣದು. ಗೋಳಗುಮ್ಮಟದ ಹುಡುಗನಾದರೂ ನಕ್ಕವರ ಮುಖ ನೋಡಿದ.

ಇದಕ್ಕೆ ಸ್ವಲ್ಪ ಮುಂಚೆಯೇ ಫೆಡಿವರ್ಸಿನವರ ಮನಸ್ಸು ಕದಡಿತ್ತೆಂಬುದನ್ನೂ ನೆನೆಯಬೇಕು. 2023ರ ಜುಲೈಯಲ್ಲಿ ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಸಂಸ್ಥೆಯವರು ಥ್ರೆಡ್ಸ್ ಎಂಬ ಜಾಲವನ್ನು ತೆರೆದರು. ಐದೇ ದಿನಗಳಲ್ಲಿ ಹತ್ತು ಕೋಟಿ ಜನ ಸೇರಿದರು. ತಾವೂ ಆಕ್ಟಿವಿಟಿಪಬ್ ದಾರಿಯಲ್ಲಿ ಬರುವುದಾಗಿ ಅವರು ಹೇಳಿದಾಗ, ಬಂದರೆ ನಮ್ಮ ಊರ ಬಾಗಿಲು ಮುಚ್ಚುತ್ತೇವೆಂದು ಅನೇಕ ಸರ್ವರುಗಳ ಮೇಲ್ವಿಚಾರಕರು ಕರಾರು ಮಾಡಿಕೊಂಡರು. ಇಂಥ ಸಮಯದಲ್ಲಿ, ಕೇಳದೆ ಒಯ್ಯುತ್ತೇನೆ ಎಂದ ಧ್ವನಿ ಯಾರದಾದರೂ ಕರ್ಕಶವಾಗಿಯೇ ಕೇಳಿಸುತ್ತಿತ್ತು.

ನಮ್ಮೂರಿನ ಆದಿಲಶಾಹಿ ಕಾಲದ ಎಂಜಿನಿಯರುಗಳು ಈ ಬಗೆಯ ಗಂಟನ್ನು ನೀರಿನಲ್ಲಿ ಬಿಡಿಸಿದ್ದರು. ತೊರವಿಯ ಕಡೆಯಿಂದಲೂ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಎತ್ತರದ ನೀರನ್ನು ನೇರವಾಗಿ ಊರ ಕೊಳವೆಗೆ ಬಿಟ್ಟರೆ ಒತ್ತಡಕ್ಕೆ ಕೊಳವೆ ಒಡೆದೀತು. ಆದುದರಿಂದ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ನೀರು ಅದರೊಳಗೆ ಏರಿ, ಒತ್ತಡ ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಅವುಗಳಲ್ಲಿ ಕೆಲವು ಇಂದಿಗೂ ಊರೊಳಗೆ ನಿಂತಿವೆ; ಪಕ್ಕದಲ್ಲಿ ದಿನವೂ ಹಾದುಹೋಗುವ ನಾವು ಅವು ಏತಕ್ಕೆಂದು ಕೇಳುವುದಿಲ್ಲ. 2024ರ ನವೆಂಬರಿನಲ್ಲಿ ಬ್ಲೂಸ್ಕೈಯ ಸದಸ್ಯರ ಸಂಖ್ಯೆ ಎರಡು ಕೋಟಿ ದಾಟಿತು. ಅಂಥ ಕೆರೆಗೂ, ಸಂಬಳವಿಲ್ಲದ ಒಬ್ಬಿಬ್ಬರು ಮೇಲ್ವಿಚಾರಕರು ಸಂಜೆಯ ಬಿಡುವಿನಲ್ಲಿ ನೋಡಿಕೊಳ್ಳುವ ಸಣ್ಣ ಸರ್ವರಿಗೂ ನೇರ ಕೊಳವೆ ಹಾಕಿದರೆ ಆಗುವುದೇನೆಂದು ಆ ಎಂಜಿನಿಯರುಗಳು ಕೂಡಲೇ ಹೇಳುತ್ತಿದ್ದರು.

ಬ್ಯಾರೆಟ್ ಅವರು ಹಠ ಹಿಡಿಯಲಿಲ್ಲ. ಇದು ಅವರ ದೊಡ್ಡತನ. ಕೆಲವೇ ದಿನಗಳಲ್ಲಿ ಯೋಜನೆಯನ್ನು ತಿರುಗಿಸಿ, ಕೇಳಿದವರಿಗೆ ಮಾತ್ರ ಸೇತುವೆ ಎಂದರು. ಆ ವರ್ಷದ ನಡುವೆ ಬ್ಲೂಸ್ಕೈ ಸೇತುವೆ ಬಳಕೆಗೆ ಬಂದಾಗ ಹಾಗೆಯೇ ಬಂದಿತು. ಮುಂದೆ ಇದನ್ನು ನಡೆಸಲು ಎ ನ್ಯೂ ಸೋಶಿಯಲ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯೂ ಹುಟ್ಟಿತು. ಆಮೇಲೆ ಸೇರಿಸಿದ ಒಂದು ಏರ್ಪಾಟು ನನಗೆ ಬಹಳ ಹಿಡಿಸಿತು. ಈಗಾಗಲೇ ಸೇತುವೆ ಏರಿರುವ ಮಾವ ಏರದಿರುವ ಸೊಸೆಯ ವಿಳಾಸವನ್ನು ಸೇತುವೆಗೆ ತಿಳಿಸಿದರೆ, ಇಂಥವರು ನಿಮ್ಮ ಬರಹ ಓದಲು ಬಯಸುತ್ತಾರೆ, ನಿಮಗೆ ಒಪ್ಪಿಗೆಯೇ ಎಂದು ಅದು ಸೊಸೆಗೆ ಖಾಸಗಿಯಾಗಿ ಬರೆದು ಕೇಳುತ್ತದೆ. ಒಬ್ಬರನ್ನು ಕೇಳುವುದು ಒಂದೇ ಒಂದು ಸಲ. ಉತ್ತರ ಬಾರದಿದ್ದರೆ ಒಪ್ಪಿಗೆಯಿಲ್ಲವೆಂದೇ ಅರ್ಥ. ಮದುವೆಯ ಸಂಬಂಧ ಕೇಳಲು ಹೋದ ಹಿರಿಯರು ನಡೆದುಕೊಳ್ಳುವ ರೀತಿಯೂ ಇದೇ ಅಲ್ಲವೆ?

ಇಷ್ಟಾದರೂ ಹಮಾಲಿಯಲ್ಲಿ ಮೂಟೆ ಒಡೆಯುವುದು ತಪ್ಪಲಿಲ್ಲ. ಮ್ಯಾಸ್ಟೊಡಾನಿನಲ್ಲಿ ಸಾಮಾನ್ಯವಾಗಿ 500 ಅಕ್ಷರ ಬರೆಯಬಹುದು, ಬ್ಲೂಸ್ಕೈಯಲ್ಲಿ 300. ಉದ್ದನೆಯ ಬರಹ ಆ ಕಡೆ ತುಂಡಾಗಿ, ಉಳಿದದ್ದನ್ನು ಮೂಲದಲ್ಲಿ ಓದಿರಿ ಎಂಬ ಕೊಂಡಿಯೊಡನೆ ನಿಲ್ಲುತ್ತದೆ. ಇದಕ್ಕಿಂತ ತೊಡಕಿನದು ತಿದ್ದುಪಡಿ. ಮ್ಯಾಸ್ಟೊಡಾನಿನಲ್ಲಿ ಬರೆದುದನ್ನು ತಿದ್ದಬಹುದು. ಸೇತುವೆ ಆರಂಭವಾದಾಗ ಬ್ಲೂಸ್ಕೈಯಲ್ಲಿ ತಿದ್ದುವ ಅನುಕೂಲವಿರಲಿಲ್ಲವಾದುದರಿಂದ ತಿದ್ದುಪಡಿ ದಾಟುತ್ತಿರಲಿಲ್ಲ. ಸೊಸೆ ಶಾಲೆಯ ವಾರ್ಷಿಕ ಸಮಾರಂಭ 12ಕ್ಕೆ ಎಂದು ಬರೆದು, ತಪ್ಪಾಯಿತೆಂದು ಐದು ನಿಮಿಷದಲ್ಲಿ 11 ಎಂದು ತಿದ್ದುತ್ತಾಳೆ. ಅವಳ ಬಳಗಕ್ಕೆಲ್ಲ 11 ಕಾಣುತ್ತದೆ. ತಿಕೋಟಾದ ಮಾವನಿಗೆ 12 ಹಾಗೆಯೇ ಉಳಿಯುತ್ತದೆ. ಪಾಪ, ಹೊಸ ಪಟಗ ಸುತ್ತಿಕೊಂಡು ಮರುದಿನ ಬಂದು ಬರಿದಾದ ಶಾಮಿಯಾನದ ಮುಂದೆ ನಿಲ್ಲುತ್ತಾನೆ.

ಒಪ್ಪಿದವರಿಗೆ ಮಾತ್ರ ಎಂಬ ನಿಯಮಕ್ಕೂ ತೆರಬೇಕಾದ ಬೆಲೆಯಿದೆ. ಸೊಸೆಯ ಮಾತಿಗೆ ಬ್ಲೂಸ್ಕೈಯಲ್ಲಿ ಹತ್ತು ಜನ ಉತ್ತರ ಬರೆದರೆನ್ನೋಣ. ಅವರಲ್ಲಿ ಸೇತುವೆ ಏರಿದವರು ಇಬ್ಬರಾದರೆ ಅವಳಿಗೆ ಆ ಎರಡು ಉತ್ತರ ಮಾತ್ರ ಬರುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವನು ಫೋನಿನಲ್ಲಿ ಆಡುವ ಮಾತನ್ನು ಕೇಳಿಸಿಕೊಂಡ ಹಾಗೆ, ಒಂದು ಕಡೆಯದು ಕೇಳುತ್ತದೆ, ಮತ್ತೊಂದು ಕಡೆಯದನ್ನು ಊಹಿಸಿಕೊಳ್ಳಬೇಕು.

ವಾದದಲ್ಲಿ ಅಷ್ಟಾಗಿ ಗಮನಕ್ಕೆ ಬಾರದಿದ್ದ ಇನ್ನೊಂದು ಪ್ರಶ್ನೆಯ ಬಗ್ಗೆ ನಾನು ಹೆಚ್ಚು ಯೋಚಿಸಿದ್ದೇನೆ. ಬೇಡವೆನ್ನುವ ಅಧಿಕಾರ ಯಾರದು? ಮನೆಯವನದೋ, ಊರ ಗೌಡನದೋ? ಮ್ಯಾಸ್ಟೊಡಾನಿನಲ್ಲಿ ಸರ್ವರಿನ ಮೇಲ್ವಿಚಾರಕನು ಸೇತುವೆಯನ್ನು ಇಡೀ ಊರಿಗೇ ತಡೆಯಬಹುದು. ಕೆಲವರು ಹಾಗೆ ತಡೆದಿದ್ದಾರೆ ಕೂಡ. ಆಗ ಸೊಸೆ ಮನಸಾರೆ ಒಪ್ಪಿದರೂ ಅವಳ ಮಾತು ಮಾವನಿಗೆ ಮುಟ್ಟುವುದಿಲ್ಲ. ಅವಳನ್ನು ಕೇಳದೆ ಒಯ್ಯುವುದು ತಪ್ಪೆಂದು ಗದ್ದಲವೆಬ್ಬಿಸಿದವರಲ್ಲಿ ಕೆಲವರು, ಅವಳನ್ನು ಕೇಳದೆ ತಡೆಯುವುದನ್ನು ತಪ್ಪೆನ್ನಲಿಲ್ಲ. ಇದು ನನಗೆ ಸರಿಕಾಣದು. ಬೇಸರವಾದರೆ ಬೇರೆ ಸರ್ವರಿಗೆ ಗುಳೆ ಹೋಗಬಹುದು ಎನ್ನುತ್ತಾರೆ. ಹೋಗಬಹುದು, ಹಿಂಬಾಲಕರೂ ಜೊತೆಗೆ ಬರುವರು. ಆದರೆ ಮ್ಯಾಸ್ಟೊಡಾನಿನಲ್ಲಿ ಹಳೆಯ ಬರಹಗಳು ಹಳೆಯ ಮನೆಯಲ್ಲೇ ಉಳಿಯುತ್ತವೆ. ಗುಳೆ ಹೋಗುವುದೆಷ್ಟು ಸುಲಭವೆಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಮೇಲ್ವಿಚಾರಕನ ಕಷ್ಟವೂ ಕಷ್ಟವೇ. ಒತ್ತಡ ಬಂದಾಗ ಒಡೆಯುವುದು ಅವನ ಕೊಳವೆ. ಊರವರನ್ನು ಕೂಡಿಸಿ ಕೇಳಿ ತೀರ್ಮಾನಿಸಿದ ಸರ್ವರುಗಳೂ ಇವೆ. ನನಗೆ ಅವರ ದಾರಿ ಹೆಚ್ಚು ಮೆಚ್ಚುಗೆಯಾಯಿತು.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಇಂಗ್ಲಿಷಿನವರು ಹತ್ತು ಜಾಲಗಳಲ್ಲಿ ಹಂಚಿಹೋದರೂ ಪ್ರತಿಯೊಂದರಲ್ಲಿಯೂ ಲಕ್ಷಾಂತರ ಮಂದಿ ಉಳಿಯುತ್ತಾರೆ. ಮಾತಿಗೆ ಜನ ಸಿಗದೆ ಹೋಗುವುದಿಲ್ಲ. ಕನ್ನಡದವರ ಸ್ಥಿತಿ ಹಾಗಲ್ಲ. ಇಂಥ ಹೊಸ ಜಾಲಗಳಲ್ಲಿ ಕನ್ನಡದಲ್ಲಿ ಬರೆಯುವವರು ಮೊದಲೇ ಕಡಿಮೆ. ಆ ಕೆಲವರೂ ಅರ್ಧ ಇಲ್ಲಿ ಅರ್ಧ ಅಲ್ಲಿ ಎಂದಾದರೆ ಒಬ್ಬರಿಗೊಬ್ಬರು ಇದ್ದಾರೆಂಬುದೇ ತಿಳಿಯದು. ಒಗಟು ಹಾಕಿದವನು ಒಂದು ಊರಲ್ಲಿ, ಬಿಡಿಸಬಲ್ಲವನು ಇನ್ನೊಂದು ಊರಲ್ಲಿ. ಕೊನೆಗೆ ಇಬ್ಬರೂ ಬೇಸತ್ತು, ಜನರಿರುವ ದೊಡ್ಡ ವಾಡೆಗೆ ಹಿಂದಿರುಗುತ್ತಾರೆ, 2019ರಲ್ಲಿ ಆದಂತೆ. ಆದುದರಿಂದ ಸೇತುವೆಯ ಅಗತ್ಯ ಸಣ್ಣ ಭಾಷೆಯವರಿಗೆ ದೊಡ್ಡ ಭಾಷೆಯವರಿಗಿಂತ ಹೆಚ್ಚು. ಕೂ ಮುಚ್ಚಿದುದನ್ನು ಕಂಡ ಮೇಲೆ ಇದನ್ನು ನಾನು ಇನ್ನೂ ಗಟ್ಟಿಯಾಗಿ ಹೇಳಬಲ್ಲೆ.

ಹಾಗಾದರೆ ಕನ್ನಡದ ಮಟ್ಟಿಗೆ ಕೇಳದೆಯೇ ಎಲ್ಲರನ್ನೂ ಜೋಡಿಸಿಬಿಡೋಣವೆ? ಬಹುಕಾಲ ನನ್ನ ಮನಸ್ಸೂ ಆ ಕಡೆಗೇ ವಾಲಿತ್ತು. ಅದನ್ನು ಬದಲಿಸಿದುದು ಇದೇ ಲೆಕ್ಕ. ಎರಡು ಕೋಟಿ ಜನರನ್ನು ಒಬ್ಬೊಬ್ಬರನ್ನಾಗಿ ಕೇಳಲು ಆಗುವುದಿಲ್ಲ ಎನ್ನುವುದರಲ್ಲಿ ಅರ್ಥವಿದೆ. ಕೆಲವೇ ಜನರಿರುವಲ್ಲಿ ಆ ನೆಪ ನಿಲ್ಲದು. ಒಂದು ರವಿವಾರ ಕುಳಿತು ಪರಿಚಯದ ನಲವತ್ತು ಜನರಿಗೆ ಕನ್ನಡದಲ್ಲಿಯೇ ಎರಡು ಸಾಲು ಬರೆದು ಕೇಳಬಹುದು. ಸೇತುವೆಯ ಯಂತ್ರ ಇಂಗ್ಲಿಷಿನಲ್ಲಿ ಕೇಳಿದ್ದಕ್ಕಿಂತ, ಗುರುತಿನವರೊಬ್ಬರು, ಅಕ್ಕಾ, ನಿಮ್ಮ ಬರಹ ಆ ಕಡೆಯವರೂ ಓದಲಿ ಎಂಬ ಆಸೆ, ನಿಮಗೆ ಸೈಯೇ ಎಂದು ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು. ಬಾರದಿದ್ದರೂ ಏನು ಕಾರಣವೆಂಬುದು ನಮಗೆ ತಿಳಿಯುತ್ತದೆ.

ಸೊಸೆ ಒಪ್ಪಿದಳೆನ್ನಿ. ಅವಳು ಮಾಡಬೇಕಾದುದು ಬಹಳವೇನೂ ಇಲ್ಲ. ಮ್ಯಾಸ್ಟೊಡಾನಿನಲ್ಲಿ ಸೇತುವೆಯದೇ ಒಂದು ಖಾತೆಯಿದೆ. ಅದನ್ನು ಹುಡುಕಿ ಹಿಂಬಾಲಿಸಿದರಾಯಿತು. ಸ್ವಲ್ಪ ಹೊತ್ತಿನಲ್ಲಿ ಬ್ಲೂಸ್ಕೈಯಲ್ಲಿ ಅವಳ ಹೆಸರು ಮೂಡುತ್ತದೆ, ಮಾವನು ಅದನ್ನು ಹಿಂಬಾಲಿಸಬಹುದು. ಮಾವನೂ ತನ್ನ ಕಡೆಯಲ್ಲಿ ಹೀಗೆಯೇ ಸೇತುವೆಯ ಖಾತೆಯನ್ನು ಹಿಂಬಾಲಿಸಿರಬೇಕು, ಇಲ್ಲದಿದ್ದರೆ ಅವನ ಉತ್ತರ ಇತ್ತ ಬಾರದು. ಮುಂದೆಂದಾದರೂ ಸಾಕೆನಿಸಿದರೆ ಅವಳು ಆ ಖಾತೆಯನ್ನು ತಡೆಹಿಡಿದರೆ ಸಾಕು, ಆಚೆಯ ಪ್ರತಿರೂಪ ಅಳಿಯುತ್ತದೆ. ಒಂದು ಮಾತು ಮಾತ್ರ ಮಾವನಿಗೆ ಮೊದಲೇ ತಿಳಿದಿರುವುದು ಒಳ್ಳೆಯದು: ಸೇತುವೆ ದಾಟುವುದು ಒಪ್ಪಿಗೆಯ ದಿನದಿಂದ ಮುಂದೆ ಬರೆದವು ಮಾತ್ರ. ಹಿಂದಿನ ವರ್ಷದ ಸಮಾರಂಭದಲ್ಲಿ ಮಕ್ಕಳು ಏನೇನು ಮಾಡಿದರೆಂಬುದನ್ನು ಅವನು ಸೊಸೆಗೆ ಫೋನು ಮಾಡಿಯೇ ಕೇಳಬೇಕಾಗುತ್ತದೆ.